ಜಪಾನಿನ ಸಿಂಹಾಸನದ ಗೊಂದಲಕ್ಕೂ ಹಳೆಯ ಯೋಧರ ಕಥೆಗಳಿಗೂ ಏನು ನಂಟು?

2025ರ ಸೆಪ್ಟೆಂಬರ್ 6ರಂದು ಟೋಕಿಯೊ ಅರಮನೆಯಲ್ಲಿ ರಾಜಕುಮಾರ ಹಿಸಾಹಿತೊ ವಯಸ್ಕರಾದ ಸಮಾರಂಭ ನಡೆಯಿತು. ಆ ಮನೆತನದ ಗಂಡುಮಗನೊಬ್ಬನಿಗೆ ಇಂಥ ಸಮಾರಂಭ ನಡೆದು 40 ವರ್ಷವಾಗಿತ್ತು. ಹಿಸಾಹಿತೊ ಈಗಿನ ಚಕ್ರವರ್ತಿ ನರುಹಿತೊ ಅವರ ಮಗನಲ್ಲ, ತಮ್ಮನ ಮಗ. ಚಕ್ರವರ್ತಿಗೆ ಸ್ವಂತ ಮಗಳಿದ್ದಾರೆ, 2001ರಲ್ಲಿ ಹುಟ್ಟಿದ ಐಕೊ. ಆದರೆ 1947ರ ರಾಜಮನೆತನ ಕಾಯ್ದೆಯ ಪ್ರಕಾರ ಗಂಡಿನ ಕಡೆಯಿಂದ ಬಂದ ಗಂಡಸರಿಗೆ ಮಾತ್ರ ಪಟ್ಟ. ಈಗ ಆ ಸಾಲಿನಲ್ಲಿ ಇರುವವರು ಮೂರೇ ಜನ. ಅವರಲ್ಲಿ ಒಬ್ಬರಿಗೆ ಆ ಸಮಾರಂಭದ ಹೊತ್ತಿಗೇ 90 ವರ್ಷ ಆಗುತ್ತಾ ಬಂದಿತ್ತು.

ಇಷ್ಟೇ ಆಗಿದ್ದರೆ ಹಳೇ ಕಾಲದ ಕಾನೂನು ಎಂದು ಸುಮ್ಮನಾಗಬಹುದಿತ್ತು. ಗೊಂದಲ ಶುರುವಾಗುವುದು ಇದಕ್ಕೆ ಹುಡುಕಿರುವ ಪರಿಹಾರದಿಂದ. 1947ರ ಅಕ್ಟೋಬರ್‌ನಲ್ಲಿ ರಾಜಮನೆತನದ 11 ಕವಲುಗಳ 51 ಜನ ಸಾಮಾನ್ಯ ಪ್ರಜೆಗಳಾದರು. ಅವರ ವಂಶದ ಗಂಡಸರನ್ನು ದತ್ತು ತೆಗೆದುಕೊಂಡು ಮತ್ತೆ ಮನೆತನಕ್ಕೆ ಸೇರಿಸಿಕೊಳ್ಳೋಣ ಎಂಬ ಸಲಹೆ 2021ರ ಸರ್ಕಾರಿ ವರದಿಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ತಕಾಯಿಚಿ ಸನಾಯೆ ಪ್ರಧಾನಿಯಾದಾಗ ಮೈತ್ರಿ ಪಕ್ಷಗಳು ಈ ದಾರಿಗೆ ಮೊದಲ ಆದ್ಯತೆ ಎಂದು ಒಪ್ಪಂದ ಮಾಡಿಕೊಂಡವು. ಆ ಕವಲುಗಳಿಗೂ ಈಗಿನ ಚಕ್ರವರ್ತಿಗೂ ಗಂಡಿನ ಕಡೆಯಿಂದ ಸಿಗುವ ಸಮಾನ ಪೂರ್ವಜ 1456ರಲ್ಲಿ ತೀರಿಕೊಂಡವನು. ಮನೆಯಲ್ಲೇ ಮಗಳಿರುವಾಗ ಸುಮಾರು 600 ವರ್ಷ ಹಿಂದೆ ಬೇರೆಯಾದ ದಾಯಾದಿಗಳನ್ನು ಹುಡುಕಿಕೊಂಡು ಹೋಗುವುದು ಏಕೆ?

"ಕಡಿಯದ ವಂಶ" ಎಂಬ ನಂಬಿಕೆಯೇ ಉತ್ತರ. ಆದರೆ ಆ ನಂಬಿಕೆಗೆ ಈಗಿನ ಆಕಾರ ಬಂದದ್ದು ಅರಮನೆಯಿಂದ ಮಾತ್ರ ಅಲ್ಲ. ಜಪಾನನ್ನು ಏಳು ಶತಮಾನ ಆಳಿದವರು ಯೋಧರು. ಅವರು ಚಕ್ರವರ್ತಿಯನ್ನು ಕೆಳಗಿಳಿಸಿದರು, ದ್ವೀಪಕ್ಕೆ ಗಡೀಪಾರು ಮಾಡಿದರು, ಬೇಕಾದವರನ್ನು ಕೂರಿಸಿದರು. ಸಿಂಹಾಸನದ ಮೇಲೆ ಮಾತ್ರ ತಾವು ಕೂರಲಿಲ್ಲ. ಯಾಕೆ ಕೂರಲಿಲ್ಲ ಎಂಬುದನ್ನು ತಿಳಿಯಲು ಅವರ ಕಾಲದ ಯುದ್ಧಕಥೆಗಳನ್ನು ನೋಡಬೇಕು.

ಕತ್ತಿ ಮುಳುಗಿದ ಮೇಲೆ

12ನೇ ಶತಮಾನದಲ್ಲಿ ಎರಡು ಯೋಧ ಮನೆತನಗಳು ಎದುರುಬದುರಾದವು. ಒಂದು ತೈರಾ, ಇನ್ನೊಂದು ಮಿನಾಮೊತೊ. ಎರಡೂ ರಾಜವಂಶದಿಂದಲೇ ಕವಲೊಡೆದವು. ತೈರಾ ಮನೆತನದ ಕಿಯೊಮೊರಿ ಮೊದಲು ಮೇಲೆ ಬಂದ. 1167ರಲ್ಲಿ ಆಸ್ಥಾನದ ಅತ್ಯುನ್ನತ ಮಂತ್ರಿ ಪದವಿ ಹಿಡಿದ. ಮಗಳನ್ನು ಚಕ್ರವರ್ತಿಗೆ ಕೊಟ್ಟ. ಮೊಮ್ಮಗ ಅಂತೊಕು 1180ರಲ್ಲಿ ಪುಟ್ಟ ಮಗುವಾಗಿದ್ದಾಗಲೇ ಚಕ್ರವರ್ತಿಯಾದ. ಅದೇ ವರ್ಷ ಮಿನಾಮೊತೊ ಯೊರಿತೊಮೊ ಪೂರ್ವದಲ್ಲಿ ದಂಗೆ ಎದ್ದ.

ಐದು ವರ್ಷದ ಯುದ್ಧ 1185ರಲ್ಲಿ ದಾನ್ ನೊ ಉರಾ ಎಂಬ ಜಲಸಂಧಿಯಲ್ಲಿ ಮುಗಿಯಿತು. ತೈರಾ ಹಡಗುಗಳು ಸೋತಾಗ ಅಂತೊಕುವಿನ ಅಜ್ಜಿ ಮಗುವನ್ನು ಎತ್ತಿಕೊಂಡು, ರಾಜಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಮುದ್ರಕ್ಕೆ ಹಾರಿದಳು. ಕನ್ನಡಿ, ಕತ್ತಿ, ಮಣಿ ಇವು ಚಕ್ರವರ್ತಿಯ ಹಕ್ಕಿನ ಮೂರು ಗುರುತುಗಳು. ಕನ್ನಡಿ ಉಳಿಯಿತು. ಮಣಿಯ ಪೆಟ್ಟಿಗೆ ಸಿಕ್ಕಿತು. ಕತ್ತಿ ಸಿಗಲೇ ಇಲ್ಲ. ಮೂಲ ಕತ್ತಿ ಈಗಿನ ನಗೋಯಾದ ಅತ್ಸುತಾ ದೇಗುಲದಲ್ಲಿದೆ, ಮುಳುಗಿದ್ದು ಅದರ ಪ್ರತಿರೂಪ ಎನ್ನುವುದು ಸಂಪ್ರದಾಯದ ವಿವರಣೆ. 2019ರ ಪಟ್ಟಾಭಿಷೇಕದಲ್ಲಿ ನರುಹಿತೊ ಅವರ ಮುಂದೆ ತಂದಿಟ್ಟದ್ದೂ ಪ್ರತಿರೂಪವನ್ನೇ.

ಗೆದ್ದವರ ಪರಿಸ್ಥಿತಿ ಯೋಚಿಸಿ. ಅವರ ದಾಳಿಯಲ್ಲಿ ಚಕ್ರವರ್ತಿಯೇ ಸತ್ತಿದ್ದಾನೆ, ಅದೂ ಒಂದು ಮಗು. ರಾಜಕತ್ತಿ ಸಮುದ್ರದ ಪಾಲಾಗಿದೆ. ಇದನ್ನು ಇದ್ದ ಹಾಗೆ ಹೇಳಿದರೆ ಮಿನಾಮೊತೊಗಳು ರಾಜದ್ರೋಹಿಗಳಂತೆ ಕಾಣುತ್ತಾರೆ. ಹಾಗಾಗಿ ವಿವರಣೆ ಬೇಕಿತ್ತು. ಅದು ಎರಡು ಕಡೆಯಿಂದ ಬಂತು.

ಈ ಯುದ್ಧವನ್ನು ಹಾಡುವ 'ಹೇಕೆ ಮೊನೊಗತಾರಿ'ಯಲ್ಲಿ, ಅಂದರೆ ತೈರಾ ಮನೆತನದ ಕಥೆಯಲ್ಲಿ, ಒಂದು ವಿವರಣೆ ಇದೆ. ಪುರಾಣ ಕಾಲದಲ್ಲಿ ಎಂಟು ತಲೆಯ ಮಹಾಸರ್ಪದ ಬಾಲದಿಂದ ಕಿತ್ತುಕೊಂಡ ಕತ್ತಿ ಅದು. ಆ ಸರ್ಪವೇ ಅಂತೊಕುವಾಗಿ ಹುಟ್ಟಿ ತನ್ನ ಕತ್ತಿಯನ್ನು ವಾಪಸ್ ತೆಗೆದುಕೊಂಡು ಹೋಯಿತಂತೆ. ಎರಡನೆಯದು ಜಿಯೆನ್ ಎಂಬ ಬೌದ್ಧ ಭಿಕ್ಷು 1220ರ ಸುಮಾರಿಗೆ ಬರೆದ ಇತಿಹಾಸದಲ್ಲಿದೆ. ಚಕ್ರವರ್ತಿಯನ್ನು ಕಾಯಲು ಈಗ ಯೋಧರು ಬಂದಿದ್ದಾರೆ, ಇನ್ನು ಕತ್ತಿಯ ಅಗತ್ಯವಿಲ್ಲ, ಅದಕ್ಕೇ ಅದು ಹೋಯಿತು ಎನ್ನುತ್ತಾನೆ ಆತ. ನನಗೆ ಇದು ಇಡೀ ವಿಷಯದ ಕೀಲಿಕೈ ಎನಿಸುತ್ತದೆ. ಒಂದು ದುರಂತವನ್ನು ಒಂದೇ ವಾಕ್ಯದಲ್ಲಿ ನೇಮಕಾತಿ ಪತ್ರವಾಗಿ ಬದಲಾಯಿಸಿಬಿಟ್ಟ. ಯೋಧ ಕತ್ತಿಯ ಜಾಗಕ್ಕೆ ಬಂದ. ಅಂದರೆ ಅವನಿಗೆ ಸಿಕ್ಕಿದ್ದು ಕಾಯುವ ಹಕ್ಕು, ಕೂರುವ ಹಕ್ಕಲ್ಲ.

ಸೋತವರಿಗೆ ಕಣ್ಣೀರು, ಗೆದ್ದವರಿಗೆ ಲಾಭ

ಹೇಕೆ ಕಥೆಯನ್ನು ಜನ ಓದುತ್ತಿದ್ದದ್ದು ಕಡಿಮೆ, ಕೇಳುತ್ತಿದ್ದದ್ದು ಜಾಸ್ತಿ. ಬಿವಾ ಎಂಬ ತಂತಿವಾದ್ಯ ಹಿಡಿದ ಕುರುಡು ಕಲಾವಿದರು ಊರೂರು ಸುತ್ತಿ, ನಮ್ಮ ಹರಿಕಥೆ ದಾಸರ ಹಾಗೆ, ಹಾಡುತ್ತಾ ಹೇಳುತ್ತಿದ್ದರು. ಇಂದು ಹೆಚ್ಚು ಓದುವ ಪಾಠ ಕಾಕುಇಚಿ ಎಂಬ ಕಲಾವಿದ 1371ರಲ್ಲಿ ಸಾಯುವ ಮುಂಚೆ ಬರೆಸಿದ್ದು.

ಈ ಕಥೆ ಯಾಕೆ ಹುಟ್ಟಿತು ಎನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂದು ಗುಂಪು ಹೇಳುವುದು, ಇದು ಸತ್ತವರನ್ನು ಸಮಾಧಾನ ಮಾಡುವ ಕಥೆ ಎಂದು. ಅನ್ಯಾಯವಾಗಿ ಸತ್ತವರು ಪ್ರೇತವಾಗಿ ಭೂಕಂಪ, ರೋಗ ತರುತ್ತಾರೆ ಎಂಬ ಭಯ ಆ ಕಾಲದಲ್ಲಿ ನಿಜವಾಗಿಯೂ ಇತ್ತು. ಕಥೆಯ ತುಂಬಾ ಸೋತ ತೈರಾಗಳ ಸಂಕಟವೇ ತುಂಬಿರುವುದಕ್ಕೆ ಇದು ಒಳ್ಳೆಯ ಕಾರಣ. ಇನ್ನೊಂದು ಗುಂಪು ಇದರಲ್ಲಿ ಅಧಿಕಾರದ ಕೈವಾಡ ನೋಡುತ್ತದೆ. ಈ ಕಲಾವಿದರ ಸಂಘಕ್ಕೆ ಮುಂದೆ ಆಳಿದ ಅಶಿಕಾಗಾ ಶೋಗುನ್‌ಗಳ (ಶೋಗುನ್ ಅಂದರೆ ಯೋಧರ ಸರ್ಕಾರದ ಮುಖ್ಯಸ್ಥ) ಆಶ್ರಯ ಇತ್ತು, ಯಾವ ಪಾಠ ಸರಿ ಎಂಬುದು ಹೀಗೇ ಗಟ್ಟಿಯಾಯಿತು ಎನ್ನುತ್ತದೆ.

ಎರಡನ್ನೂ ಎದುರುಬದುರು ನಿಲ್ಲಿಸುವ ಅಗತ್ಯ ಇಲ್ಲ. ಸೋತವರಿಗಾಗಿ ಅಳುವ ಕಥೆ ಗೆದ್ದವರಿಗೇ ಹೆಚ್ಚು ಉಪಯೋಗ. ಹೇಗೆ ಅಂದರೆ, ಕಥೆ ಶುರುವಾಗುವುದೇ ರಾಜಾಜ್ಞೆ ಮೀರಿ ಹಾಳಾದವರ ಪಟ್ಟಿಯಿಂದ. ಚೀನಾದ ಉದಾಹರಣೆಗಳು, ಆಮೇಲೆ ಜಪಾನಿನವು, ಕೊನೆಗೆ ಎಲ್ಲರನ್ನೂ ಮೀರಿಸಿದ ಕಿಯೊಮೊರಿ. ತೈರಾಗಳು ಬಿದ್ದದ್ದು ಅಹಂಕಾರದಿಂದ, ಕರ್ಮದಿಂದ ಎಂದು ಕೇಳುಗರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ಕೊಂದವರು ಕೊಲೆಗಾರರಲ್ಲ, ವಿಧಿಯ ಕೈಗಳು ಮಾತ್ರ.

ಕಥೆಯ ಐದನೇ ಭಾಗದಲ್ಲಿ ಇನ್ನೂ ನೇರವಾದ ಸಾಕ್ಷಿ ಇದೆ. ಒಬ್ಬ ಸಣ್ಣ ಸೇವಕನಿಗೆ ಕನಸು ಬೀಳುತ್ತದೆ. ದೇವತೆಗಳ ಸಭೆ. ತೈರಾಗಳ ಪರ ಇದ್ದ ಇತ್ಸುಕುಶಿಮಾ ದೇವತೆಯನ್ನು ಎಬ್ಬಿಸಿ ಕಳಿಸುತ್ತಾರೆ. ಯೋಧರ ದೈವ ಹಚಿಮಾನ್, ತೈರಾಗಳ ಬಳಿ ಇರುವ ಆಜ್ಞಾಖಡ್ಗವನ್ನು ಯೊರಿತೊಮೊಗೆ ಕೊಡುತ್ತೇನೆ ಎನ್ನುತ್ತಾನೆ. ಆಗ ಆಸ್ಥಾನದ ಕುಲೀನರಾದ ಫುಜಿವಾರಾ ಮನೆತನದ ಕುಲದೈವ ಕಸುಗಾ, ಅದಾದ ಮೇಲೆ ನನ್ನ ಮೊಮ್ಮಗನಿಗೂ ಕೊಡಿ ಎಂದು ಕೇಳುತ್ತಾನೆ. ಯೊರಿತೊಮೊನ ಕೊನೆಯ ಮಗ 1219ರಲ್ಲಿ ಕೊಲೆಯಾದ ಮೇಲೆ ಫುಜಿವಾರಾ ಮನೆಯ ಹುಡುಗನನ್ನೇ ಶೋಗುನ್ ಸ್ಥಾನಕ್ಕೆ ತಂದರು. ಅಂದರೆ ಕನಸು ಬರೆದವನಿಗೆ ಮುಂದೆ ಆದದ್ದೆಲ್ಲ ಮೊದಲೇ ಗೊತ್ತಿತ್ತು. ನಡೆದ ಮೇಲೆ ನುಡಿದ ಭವಿಷ್ಯ ಇದು. ಆದರೆ ಕೇಳುಗನಿಗೆ ತಲುಪುವ ಅರ್ಥ ಬೇರೆ: ಅಧಿಕಾರ ಕೈ ಬದಲಾಯಿಸುವುದು ದೇವರ ತೀರ್ಮಾನ.

ಯೊರಿತೊಮೊ ಕಥೆಯನ್ನು ಮತ್ತೆ ಆಡಿದ್ದು

ಯೊರಿತೊಮೊ ಇದನ್ನು ಬೇರೆಯವರಿಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದ. 1189ರಲ್ಲಿ ಆತ ಉತ್ತರದ ಒಷು ಪ್ರಾಂತ್ಯದ ಮೇಲೆ ದಂಡೆತ್ತಿ ಹೋದ. ಅದೇ ನೆಲದಲ್ಲಿ 1062ರಲ್ಲಿ ಅವನ ಪೂರ್ವಜ ಯೊರಿಯೊಶಿ, ಅಬೆ ಸಾದಾತೊ ಎಂಬ ದೊರೆಯನ್ನು ಸೋಲಿಸಿದ್ದ. ಆ ಯುದ್ಧದ ಕಥೆ 'ಮುತ್ಸು ವಾಕಿ' ಎಂಬ ಹೆಸರಲ್ಲಿ ಪ್ರಚಾರದಲ್ಲಿತ್ತು. ಮಿನಾಮೊತೊಗಳಿಗೂ ಪೂರ್ವದ ಯೋಧರಿಗೂ ಒಡೆಯ-ಸೇವಕ ಸಂಬಂಧ ಬೆಳೆದದ್ದು ಆ ಕಾಲದಲ್ಲಿ ಎಂಬುದು ಆ ಮನೆತನದ ಹೆಮ್ಮೆ.

ಈ ಸಲದ ಶತ್ರು ಫುಜಿವಾರಾ ಯಾಸುಹಿರಾನನ್ನು ಅವನ ಸೇವಕನೇ ಕೊಂದು ತಲೆ ತಂದೊಪ್ಪಿಸಿದ. ಯೊರಿತೊಮೊ ಆ ತಲೆಯನ್ನು ಎಂಟು ಅಂಗುಲದ ಮೊಳೆಯಿಂದ ಕಂಬಕ್ಕೆ ಹೊಡೆಸಿದ. ಸಾದಾತೊನ ತಲೆಗೂ ಹಾಗೇ ಮಾಡಿದ್ದರಂತೆ. ಅಂದು ಆ ಕೆಲಸ ವಹಿಸಿಕೊಂಡಿದ್ದ ಯೊಕೊಯಾಮಾ ಮನೆತನದವರನ್ನೇ ಈಗಲೂ ಹುಡುಕಿ ಕರೆಸಿದ. ಶತ್ರು ಸತ್ತು ಯುದ್ಧ ಮುಗಿದಿದ್ದರೂ ಸೈನ್ಯವನ್ನು ಇನ್ನೂ ಉತ್ತರಕ್ಕೆ ನಡೆಸಿ, ಸಾದಾತೊ ಬಿದ್ದ ಕುರಿಯಾಗಾವಾಕ್ಕೆ ಹೋದ.

ಸೈನಿಕ ದೃಷ್ಟಿಯಿಂದ ಇದರಲ್ಲಿ ಏನೂ ಪ್ರಯೋಜನವಿಲ್ಲ. ರಾಜಕೀಯವಾಗಿ ದೊಡ್ಡ ಪ್ರಯೋಜನ. ಅವನ ಜೊತೆಗಿದ್ದವರಲ್ಲಿ ಬಹಳ ಜನ ನಿನ್ನೆ ಮೊನ್ನೆ ಸೇರಿದವರು, ಲಾಭ ನೋಡಿ ಬಂದವರು. ಅವರೆಲ್ಲರಿಗೂ, ನಿಮ್ಮ ಮುತ್ತಾತ ನನ್ನ ಮುತ್ತಾತನ ಸೇವೆಯಲ್ಲಿದ್ದ ಎಂಬುದನ್ನು ಮೈಯಲ್ಲೇ ಅನುಭವಿಸುವಂತೆ ಮಾಡಿದ. ಮೂರು ವರ್ಷದ ನಂತರ, 1192ರಲ್ಲಿ ಶೋಗುನ್ ಪದವಿ ಸಿಕ್ಕಿತು.

ಎರಡು ಆಸ್ಥಾನ, ಒಂದು ಕಥೆ

ಮುಂದಿನ ದೊಡ್ಡ ಬಿರುಕು 14ನೇ ಶತಮಾನದ್ದು. ಈಗಿನ ಪಟ್ಟದ ಜಗಳದ ಬೇರು ಇರುವುದು ಇಲ್ಲೇ.

ಚಕ್ರವರ್ತಿ ಗೊ-ದೈಗೊ 1333ರಲ್ಲಿ ಯೋಧರ ಸರ್ಕಾರವನ್ನು ಕೆಡವಿ ತಾನೇ ಆಳಲು ಹೊರಟ. ಅದಕ್ಕೆ ನೆರವಾದವರಲ್ಲಿ ಅಶಿಕಾಗಾ ತಕಾಉಜಿ, ನಿತ್ತಾ ಯೊಶಿಸಾದಾ, ಕುಸುನೊಕಿ ಮಸಾಶಿಗೆ ಮುಖ್ಯರು. ಸ್ವಲ್ಪ ಸಮಯದಲ್ಲೇ ತಕಾಉಜಿ ತಿರುಗಿಬಿದ್ದ. 1336ರಲ್ಲಿ ಮಿನಾತೊಗಾವಾದಲ್ಲಿ ಮಸಾಶಿಗೆ ಸತ್ತ, 1338ರಲ್ಲಿ ಯೊಶಿಸಾದಾ ಸತ್ತ. ತಕಾಉಜಿ ಕ್ಯೋಟೊದಲ್ಲಿ ರಾಜವಂಶದ ಇನ್ನೊಂದು ಕವಲನ್ನು ಕೂರಿಸಿ ಶೋಗುನ್ ಆದ. ಗೊ-ದೈಗೊ ದಕ್ಷಿಣದ ಯೊಶಿನೊ ಬೆಟ್ಟಕ್ಕೆ ಓಡಿಹೋಗಿ ತಾನೇ ನಿಜವಾದ ಚಕ್ರವರ್ತಿ ಎಂದ. ಉತ್ತರ ಆಸ್ಥಾನ, ದಕ್ಷಿಣ ಆಸ್ಥಾನ ಎಂದು 1392ರ ತನಕ ಇಬ್ಬರು ಚಕ್ರವರ್ತಿಗಳು.

ಇಲ್ಲೂ ತಕಾಉಜಿ ತಾನೇ ಸಿಂಹಾಸನ ಏರಲಿಲ್ಲ ಎಂಬುದನ್ನು ಗಮನಿಸಿ. ಒಬ್ಬ ಚಕ್ರವರ್ತಿಯನ್ನು ಎದುರಿಸಲು ಅವನಿಗೆ ಇನ್ನೊಬ್ಬ ಚಕ್ರವರ್ತಿ ಬೇಕಾದ.

ಈ ಗಲಾಟೆಯನ್ನು 'ತೈಹೇಕಿ' ಎಂಬ 40 ಭಾಗಗಳ ಕಥೆ ಹೇಳುತ್ತದೆ. ಇದು ಬರೆಯುತ್ತಿದ್ದಾಗಲೇ ಆಳುವವರ ಕಣ್ಣು ಅದರ ಮೇಲೆ ಬಿದ್ದಿತ್ತು. ಅಶಿಕಾಗಾ ಕಡೆಯ ಸೇನಾನಿ ಇಮಾಗಾವಾ ರ್ಯೋಶುನ್ 1402ರಲ್ಲಿ ಬರೆದ ಪುಸ್ತಕದಲ್ಲಿ ಇದರ ವಿವರ ಸಿಗುತ್ತದೆ. ಒಬ್ಬ ಭಿಕ್ಷು ಮೂವತ್ತಕ್ಕೂ ಹೆಚ್ಚು ಭಾಗಗಳನ್ನು ತಕಾಉಜಿಯ ತಮ್ಮ ತಾದಾಯೊಶಿಯ ಬಳಿ ತಂದ. ತಾದಾಯೊಶಿ ಅದನ್ನು ಓದಿಸಿ ಕೇಳಿ, ತಪ್ಪು ತುಂಬಾ ಇದೆ, ತಿದ್ದುವ ತನಕ ಹೊರಗೆ ಬಿಡಬೇಡಿ ಎಂದ. ತಕಾಉಜಿ ಶತ್ರುವಿಗೆ "ಶರಣಾದ" ಎಂದು ಬರೆದದ್ದು ರ್ಯೋಶುನ್‌ಗೂ ಸಿಟ್ಟು ತಂದಿತ್ತು. ತನ್ನ ಮನೆತನದ ಸಾಹಸಗಳನ್ನು ಬಿಟ್ಟಿದ್ದಾರೆ ಎಂಬುದು ಇನ್ನೊಂದು ದೂರು. ಯುದ್ಧದಲ್ಲಿ ಹೋರಾಡಿದವರು ಆಮೇಲೆ ಕಥೆಯಲ್ಲಿ ಜಾಗಕ್ಕಾಗಿ ಹೋರಾಡಿದರು. ಕಥೆಯಲ್ಲಿ ಹೆಸರಿದ್ದರೆ ಮನೆತನಕ್ಕೆ ದಾಖಲೆ ಇದ್ದ ಹಾಗೆ, ಅಲ್ವಾ?

ಅದೇ ಪುಸ್ತಕದಲ್ಲಿ ಅಶಿಕಾಗಾಗಳ ಮನೆಯೊಳಗಿನ ಕಥೆಯೂ ಇದೆ. ಪೂರ್ವಜ ಮಿನಾಮೊತೊ ಯೊಶಿಇಯೆ, ಏಳನೇ ತಲೆಮಾರಿನಲ್ಲಿ ಮತ್ತೆ ಹುಟ್ಟಿ ದೇಶ ಆಳುತ್ತೇನೆ ಎಂದು ಬರೆದಿಟ್ಟಿದ್ದನಂತೆ. ಏಳನೆಯವನಾದ ಇಯೆತೊಕಿಗೆ ಅದು ಆಗಲಿಲ್ಲ. ಮೂರು ತಲೆಮಾರಿನೊಳಗೆ ನೆರವೇರಲಿ ಎಂದು ಪ್ರಾರ್ಥಿಸಿ ಹೊಟ್ಟೆ ಸೀಳಿಕೊಂಡು ಸತ್ತನಂತೆ. ಅವನ ಮೊಮ್ಮಗನೇ ತಕಾಉಜಿ. ನಿಷ್ಠೆ ಬದಲಿಸಿದವ ಎಂಬ ಕಳಂಕ ಹೊತ್ತವನಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕೆ?

ಬೇಕಾದ ಪೂರ್ವಜರನ್ನು ಪಡೆದವರು

ಇಷ್ಟು ಹೊತ್ತಿಗೆ ಒಂದು ಲೆಕ್ಕಾಚಾರ ಜನರ ತಲೆಯಲ್ಲಿ ಕೂತಿತ್ತು. ಮೊದಲು ತೈರಾ, ಆಮೇಲೆ ಮಿನಾಮೊತೊ. ಮಿನಾಮೊತೊ ಸರ್ಕಾರವನ್ನು ನಡೆಸಿದ ಹೋಜೊಗಳು ತೈರಾ ವಂಶ ಎಂದುಕೊಂಡವರು. ಅವರ ನಂತರದ ಅಶಿಕಾಗಾಗಳು ಮಿನಾಮೊತೊ. ಅಧಿಕಾರ ಈ ಎರಡು ಮನೆತನಗಳ ನಡುವೆ ಸರದಿಯಲ್ಲಿ ಬರುತ್ತದೆ ಎಂಬ ನಂಬಿಕೆ ಇದು. 16ನೇ ಶತಮಾನದಲ್ಲಿ ಅಶಿಕಾಗಾಗಳನ್ನು ಮೂಲೆಗುಂಪು ಮಾಡಿದ ಓದಾ ನೊಬುನಾಗಾ ಮೊದಲು ಫುಜಿವಾರಾ ಎಂದು ಸಹಿ ಹಾಕುತ್ತಿದ್ದವನು, ಆಮೇಲೆ ತೈರಾ ಎನ್ನತೊಡಗಿದ. ಅವನ ನಂತರ ಅಧಿಕಾರ ಹಿಡಿದ, ಸಾಮಾನ್ಯ ಮನೆಯಿಂದ ಬಂದ ಹಿದೆಯೊಶಿಗೆ ತೋರಿಸಲು ವಂಶವೇ ಇರಲಿಲ್ಲ. ಆತ ಫುಜಿವಾರಾ ಕುಲೀನನೊಬ್ಬನ ದತ್ತುಮಗನಾಗಿ 1585ರಲ್ಲಿ ಆಸ್ಥಾನದ ಪದವಿ ಪಡೆದ. ರಕ್ತ ಇಲ್ಲದ ಕಡೆ ದತ್ತು.

ತೊಕುಗಾವಾ ಇಯೆಯಾಸು ಎಲ್ಲರಿಗಿಂತ ಜಾಣ. 1566ರಲ್ಲಿ ಆಸ್ಥಾನದ ಒಪ್ಪಿಗೆ ಪಡೆದು ತೊಕುಗಾವಾ ಎಂಬ ಹೆಸರಿಟ್ಟುಕೊಂಡ. ಅದು ನಿತ್ತಾ ಮನೆತನದ ಕವಲೊಂದರ ಹೆಸರು. ಇಲ್ಲಿ ತೈಹೇಕಿ ಕೆಲಸಕ್ಕೆ ಬಂತು. ನಿತ್ತಾಗಳು ಮಿನಾಮೊತೊ ವಂಶದವರು, ಅಂದರೆ ಶೋಗುನ್ ಆಗಲು ಅರ್ಹರು. ಅದರ ಜೊತೆಗೆ ಯೊಶಿಸಾದಾ ಅಶಿಕಾಗಾಗಳ ಕಡು ಶತ್ರು, ಚಕ್ರವರ್ತಿಗಾಗಿ ಪ್ರಾಣ ಕೊಟ್ಟವನು. ಅಶಿಕಾಗಾಗಳ ಜಾಗಕ್ಕೆ ಬರುವವನಿಗೆ ಇಷ್ಟು ಅನುಕೂಲವಾದ ಪೂರ್ವಜ ಇನ್ನೊಬ್ಬನಿರಲಿಲ್ಲ. ಈ ವಂಶಾವಳಿ ಹೊಂದಿಸಿದ್ದು ಎಂದೇ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. 1603ರಲ್ಲಿ ಶೋಗುನ್ ಆದ ಇಯೆಯಾಸು, ಯೊರಿತೊಮೊ ಕಾಲದ ವೃತ್ತಾಂತವಾದ 'ಅಜುಮಾ ಕಗಾಮಿ'ಯನ್ನು 1605ರಲ್ಲಿ ಅಚ್ಚು ಹಾಕಿಸಿದ.

ಕೈ ಜಾರಿದ ಕಥೆ

ತೊಕುಗಾವಾ ಕಾಲದಲ್ಲಿ ತೈಹೇಕಿಗೆ ಹೊಸ ಜೀವ ಬಂತು. ಅದರ ಮೇಲಿನ ವ್ಯಾಖ್ಯಾನಗಳನ್ನು ಪ್ರಾಂತ್ಯದ ದೊರೆಗಳು ಆಡಳಿತ ಪಾಠವಾಗಿ ಕೇಳಿದರು. ಬೀದಿಯಲ್ಲಿ ಕಾಸಿಗೆ ಓದಿ ಹೇಳುವವರೂ ಹುಟ್ಟಿಕೊಂಡರು. ಸೋತು ಸತ್ತ ಮಸಾಶಿಗೆ ಎಲ್ಲರ ನಾಯಕನಾದ.

ಅಪಾಯವೂ ಅಲ್ಲೇ ಇತ್ತು. 1651ರಲ್ಲಿ ತೊಕುಗಾವಾ ಸರ್ಕಾರದ ವಿರುದ್ಧ ಸಂಚು ಹೂಡಿ, ಅದು ಬಯಲಾದಾಗ ಪ್ರಾಣ ಕಳೆದುಕೊಂಡ ಯುಯಿ ಶೋಸೆತ್ಸು ಕುಸುನೊಕಿ ಶೈಲಿಯ ಯುದ್ಧವಿದ್ಯೆ ಕಲಿಸುವ ಮೇಷ್ಟ್ರು.

ದೊಡ್ಡ ಹೊಡೆತ ಮಾತ್ರ ಮನೆಯೊಳಗಿಂದಲೇ ಬಂತು. ಇಯೆಯಾಸುವಿನ ಮೊಮ್ಮಗ, ಮಿತೊ ಪ್ರಾಂತ್ಯದ ಮಿತ್ಸುಕುನಿ 1657ರಲ್ಲಿ ಜಪಾನಿನ ದೊಡ್ಡ ಇತಿಹಾಸವೊಂದನ್ನು ಬರೆಸಲು ಶುರು ಮಾಡಿದ. ಅದು ದಕ್ಷಿಣ ಆಸ್ಥಾನವೇ ನ್ಯಾಯಬದ್ಧ ಎಂದಿತು. ನಿತ್ತಾಗಳು ಹೋರಾಡಿದ್ದು ಆ ಪಕ್ಷಕ್ಕೆ, ಹಾಗಾಗಿ ತೊಕುಗಾವಾಗಳಿಗೆ ಇದು ಹಿತವೇ ಆಗಿತ್ತು. 1692ರಲ್ಲಿ ಮಿತ್ಸುಕುನಿ ಮಿನಾತೊಗಾವಾದಲ್ಲಿ ಮಸಾಶಿಗೆಯ ಸಮಾಧಿ ಕಲ್ಲನ್ನೂ ನಿಲ್ಲಿಸಿದ.

ಆದರೆ ಒಮ್ಮೆ ಈ ಮಾತು ಒಪ್ಪಿದರೆ ಮುಂದಿನ ಹೆಜ್ಜೆ ತಾನಾಗಿಯೇ ಬರುತ್ತದೆ. ಶೋಗುನ್‌ನ ಬಲಕ್ಕಿಂತ ಚಕ್ರವರ್ತಿಯ ನ್ಯಾಯ ದೊಡ್ಡದು, ಅದಕ್ಕಾಗಿ ಸಾಯುವವನೇ ನಿಜವಾದ ಯೋಧ ಎಂದಾದರೆ, ಈಗಿನ ಶೋಗುನ್ ಯಾಕೆ ಇರಬೇಕು? 19ನೇ ಶತಮಾನದಲ್ಲಿ ಅಮೆರಿಕದ ಹಡಗುಗಳ ಮುಂದೆ ಸರ್ಕಾರ ಬಗ್ಗಿದಾಗ ಮಿತೊ ಪಂಡಿತರ ವಾದ ಹಿಡಿದ ಯುವ ಸಮುರಾಯ್‌ಗಳು ಇದೇ ಪ್ರಶ್ನೆ ಎತ್ತಿದರು. 1867ರಲ್ಲಿ ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದ ಕೊನೆಯ ಶೋಗುನ್ ಯೊಶಿನೊಬು ಹುಟ್ಟಿದ್ದೂ ಮಿತೊ ಮನೆತನದಲ್ಲೇ. ಪೂರ್ವಜ ಎರವಲು ತಂದ ಕಥೆಗೆ ವಂಶಜ ಬಡ್ಡಿ ಕಟ್ಟಿದ ಎನ್ನಬೇಕು.

1911ರ ತೀರ್ಮಾನ

ಶೋಗುನ್ ಹೋದ ಮೇಲೆ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಸರ್ಕಾರ ಮಸಾಶಿಗೆಗೆ 1872ರಲ್ಲಿ ದೇಗುಲ ಕಟ್ಟಿತು. ಟೋಕಿಯೊ ಅರಮನೆಯ ಹೊರಗೆ ಅವನ ಕಂಚಿನ ಪ್ರತಿಮೆ ಇಂದೂ ಇದೆ. ಆದರೆ ಒಂದು ಮುಜುಗರ ಉಳಿದಿತ್ತು. ಮೇಜಿ ಚಕ್ರವರ್ತಿ ಬಂದದ್ದು ಉತ್ತರ ಆಸ್ಥಾನದ ಸಂತತಿಯಿಂದ. ಅಂದರೆ ನಾಯಕ ಒಂದು ಪಕ್ಷದವನು, ಅರಸ ಇನ್ನೊಂದು ಪಕ್ಷದವನು.

ಶಾಲಾ ಪುಸ್ತಕ ಎರಡೂ ಆಸ್ಥಾನಗಳನ್ನು ಸಮಾನವಾಗಿ ತೋರಿಸುತ್ತಿತ್ತು. 1911ರ ಜನವರಿಯಲ್ಲಿ ಯೊಮಿಯುರಿ ಪತ್ರಿಕೆ ಅದನ್ನು ಟೀಕಿಸಿತು. ವಿರೋಧ ಪಕ್ಷ ಸಂಸತ್ತಿನಲ್ಲಿ ಹಿಡಿದುಕೊಂಡಿತು. ಪುಸ್ತಕದ ಹೊಣೆ ಹೊತ್ತಿದ್ದ ಇತಿಹಾಸಕಾರ ಕಿತಾ ಸಾದಾಕಿಚಿ ಕೆಲಸದಿಂದ ಅಮಾನತಾದರು. ಕೊನೆಗೆ ಮೇಜಿ ಚಕ್ರವರ್ತಿಯ ಹೆಸರಿನಲ್ಲೇ ದಕ್ಷಿಣ ಆಸ್ಥಾನ ನ್ಯಾಯಬದ್ಧ ಎಂಬ ತೀರ್ಮಾನ ಹೊರಬಂತು. ತನ್ನ ನೇರ ಪೂರ್ವಜರನ್ನೇ ಅಧಿಕೃತ ಪಟ್ಟಿಯಿಂದ ಹೊರಗಿಟ್ಟ ಹಾಗಾಯಿತು. ವಂಶ ಮತ್ತು ಕಥೆ ಎದುರಾದಾಗ ಗೆದ್ದದ್ದು ಕಥೆ. ಅದರ ಬೆಲೆಯೂ ದೊಡ್ಡದಾಗಿತ್ತು. ಏಳು ಜನ್ಮ ಎತ್ತಿ ಶತ್ರುವನ್ನು ಕೊಲ್ಲುತ್ತೇನೆ ಎಂಬ ತೈಹೇಕಿಯ ಮಾತು, ಕುಸುನೊಕಿಯ ಸೇವಂತಿಗೆ ಗುರುತು, ಎರಡನೇ ಮಹಾಯುದ್ಧದ ಆತ್ಮಾಹುತಿ ದಳಗಳ ತನಕ ಹೋದವು.

ಮತ್ತೆ ಈಗಿನ ಸುದ್ದಿಗೆ

ದತ್ತು ತರಬೇಕೆನ್ನುವ 11 ಕವಲುಗಳೆಲ್ಲ ಫುಶಿಮಿ ಎಂಬ ರಾಜಮನೆಯಿಂದ ಬಂದವು. ಆ ಮನೆ ಶುರುವಾದದ್ದು ಉತ್ತರ ಆಸ್ಥಾನದ ಮೂರನೇ ಚಕ್ರವರ್ತಿ ಸುಕೊವಿನ ಮಗನಿಂದ. 1428ರಲ್ಲಿ ಮುಖ್ಯ ಕವಲಿಗೆ ಗಂಡು ಸಂತಾನ ಇಲ್ಲದಾದಾಗ ಫುಶಿಮಿ ಮನೆಯ ಹುಡುಗನನ್ನೇ ತಂದು ಪಟ್ಟ ಕಟ್ಟಿದರು. ಈಗಿನ ಚಕ್ರವರ್ತಿ ಅವನ ವಂಶ, 11 ಕವಲುಗಳು ಅವನ ತಮ್ಮನ ವಂಶ. ಇಬ್ಬರ ಪೂರ್ವಜ ಸುಕೊ 126 ಚಕ್ರವರ್ತಿಗಳ ಅಧಿಕೃತ ಎಣಿಕೆಯಲ್ಲಿ ಇಲ್ಲ.

ಗಂಡು ಕವಲಿನ ಪರ ಇರುವವರಿಗೆ ಈ ಇತಿಹಾಸ ಬಲವೇ. ಆಗಲೂ ದೂರದ ದಾಯಾದಿಯನ್ನು ತಂದಿದ್ದೆವು, ಈಗಲೂ ತರಬಹುದು ಎನ್ನುತ್ತಾರೆ. ಎಂಟು ಮಹಿಳೆಯರು ಹಿಂದೆ ಪಟ್ಟದಲ್ಲಿದ್ದರು ನಿಜ, ಆದರೆ ಅವರ ಮಕ್ಕಳಿಗೆ ತಾಯಿಯ ಕಡೆಯಿಂದ ಮಾತ್ರ ಪಟ್ಟ ಬಂದದ್ದಿಲ್ಲ ಎಂಬುದು ಅವರ ವಾದ. ಎದುರು ಪಕ್ಷದವರು ಹೇಳುವುದು, ಗಂಡು ಕವಲು ಉಳಿದದ್ದು ಉಪಪತ್ನಿಯರ ಪದ್ಧತಿಯಿಂದ ಎಂದು. 1912ರಲ್ಲಿ ಪಟ್ಟಕ್ಕೆ ಬಂದ ತೈಶೊ ಚಕ್ರವರ್ತಿಯ ತಾಯಿಯೂ ರಾಣಿಯಲ್ಲ. ಆ ಪದ್ಧತಿ ಹೋದ ಮೇಲೆ ನಿಯಮ ಮಾತ್ರ ಉಳಿಸಿಕೊಂಡರೆ ಲೆಕ್ಕ ಕೂಡಿಬರುವುದಿಲ್ಲ. ಸಮೀಕ್ಷೆಗಳಲ್ಲಿ ಬಹುಪಾಲು ಜಪಾನೀಯರು ಮಹಿಳಾ ಚಕ್ರವರ್ತಿಯನ್ನು ಒಪ್ಪುತ್ತಾರೆ. ನನ್ನ ಮಟ್ಟಿಗೆ ಎರಡನೇ ವಾದ ಹೆಚ್ಚು ಗಟ್ಟಿ. ಆದರೆ ಮೊದಲನೆಯದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಅದರ ಹಿಂದಿನ ಶಕ್ತಿ ಅರ್ಥವಾಗುವುದಿಲ್ಲ.

ದತ್ತು ಕಾನೂನು ಪಾಸಾದರೂ ಪರೀಕ್ಷೆ ತಕ್ಷಣ ಬರುವುದಿಲ್ಲ. ದತ್ತು ಬಂದವರಿಗೆ ಪಟ್ಟದ ಹಕ್ಕು ಬೇಡ ಎಂಬ ಯೋಚನೆ 2021ರ ವರದಿಯಲ್ಲೇ ಇದೆ. ಆಮೇಲೆ ಹುಟ್ಟುವ ಅವರ ಗಂಡುಮಕ್ಕಳ ವಿಷಯ ಬೇರೆ. ಅಂದರೆ ಜನ ಆ ಮಗುವನ್ನು ರಾಜವಂಶದವನೆಂದು ಒಪ್ಪುತ್ತಾರೋ ಇಲ್ಲವೋ ಎಂಬುದು ಒಂದು ತಲೆಮಾರಿನ ನಂತರದ ಪ್ರಶ್ನೆ. ಅಷ್ಟರಲ್ಲಿ ಹಿಸಾಹಿತೊ ಅವರಿಗೆ ಗಂಡುಮಗು ಹುಟ್ಟಿದರೆ ಚರ್ಚೆ ತಣ್ಣಗಾಗಬಹುದು. ಹುಟ್ಟದಿದ್ದರೆ ಐಕೊ ಅವರ ಹೆಸರು ಮತ್ತೆ ಬರುತ್ತದೆ. ಮದುವೆಯಾದ ಮೇಲೂ ರಾಜಕುಮಾರಿಯರು ಮನೆತನದಲ್ಲೇ ಉಳಿಯಬಹುದು ಎಂಬ ಇನ್ನೊಂದು ಸಲಹೆ ಕಾನೂನಾದರೆ, ಆಗಲೂ ಅವರು ಅರಮನೆಯಲ್ಲೇ ಇರುತ್ತಾರೆ.